ಎರಡು ಗಾಂಧಾರ, ಒಂದು ಗಿಟಾರು

ಸೊಲ್ಲಾಪುರ ಜಿಲ್ಲೆಯ ಕುರನೂರಿನ ಭಜನಾ ಮಂಡಳಿಯ ಪೇಟಿ, ಅಂದರೆ ಹಾರ್ಮೋನಿಯಂ, ಸ್ವಲ್ಪ ಹೊತ್ತು ನಿಮ್ಮ ಕೈಗೆ ಸಿಕ್ಕರೆ ಒಂದು ಆಟ ಆಡಿ. ಬಿಳಿ ಪಟ್ಟಿ ಒಂದನ್ನೂ ಮುಟ್ಟಬೇಡಿ, ಬರೀ ಕರಿ ಪಟ್ಟಿ ಒತ್ತಿ. ಅವು ಎರಡು-ಮೂರು, ಎರಡು-ಮೂರು ಅಂತ ಗುಂಪು ಕಟ್ಟಿಕೊಂಡು ಕೂತಿರುತ್ತವೆ. ಎರಡರ ಗುಂಪಿನವು ಕರಿ 1, ಕರಿ 2. ಮೂರರ ಗುಂಪಿನವು ಕರಿ 3, ಕರಿ 4, ಕರಿ 5. ಹಾಡುವವರು ‘ಕರಿ ಎರಡು ಹಿಡೀರಿ’ ಅಂತ ಪೇಟಿಯವರಿಗೆ ಹೇಳುವಾಗ ಈ ಲೆಕ್ಕವನ್ನೇ ಹೇಳೋದು.

ಮೊದಲು ಕರಿ 3ನ್ನು ಸಾ ಅಂತ ಇಟ್ಟುಕೊಳ್ಳಿ. ಅಲ್ಲಿಂದ ಮೇಲಕ್ಕೆ ಕರಿ 4, ಕರಿ 5, ಆಮೇಲೆ ಮುಂದಿನ ಸಪ್ತಕದ ಕರಿ 1, ಕರಿ 2. ಈಗ ನೀವು ನುಡಿಸಿದ್ದು ಸಾ ರೇ ಗ ಪ ಧ. ಭೂಪ ರಾಗದ ಐದು ಸ್ವರ ಇವೇ. ಬೆಂಗಳೂರು, ಮೈಸೂರಿನ ಕಡೆ ಕರ್ನಾಟಕ ಸಂಗೀತ ಕಲಿಯುವ ಮಕ್ಕಳು ಇವನ್ನೇ ಮೋಹನ ರಾಗದಲ್ಲಿ ಹಾಡುತ್ತಾರೆ. ಕೇಳಲಿಕ್ಕೆ ಹಗುರ, ಮುಖ ಅರಳಿದ ಹಾಗೆ.

ಇನ್ನೊಂದು ಸಲ ಶುರು ಮಾಡಿ. ಪಟ್ಟಿಗಳು ಅವೇ, ಆದರೆ ಸಾ ಮಾತ್ರ ಕರಿ 2. ಕರಿ 2, 3, 4, 5, ಮೇಲಿನ ಕರಿ 1. ಈಗ ಬಂದದ್ದು ಸಾ, ಕೋಮಲ ಗ, ಮ, ಪ, ಕೋಮಲ ನಿ. ಕೋಮಲ ಅಂದರೆ ಶುದ್ಧ ಸ್ವರಕ್ಕಿಂತ ತುಸು ಇಳಿದದ್ದು. ಇದು ಧಾನಿ ರಾಗದ ಸ್ವರಗಳ ಸಾಲು. ಮುಖದ ಬಣ್ಣವೇ ಬೇರೆಯಾಯಿತು. ಸ್ವಲ್ಪ ಗಂಭೀರ, ಸ್ವಲ್ಪ ಹುಳಿ.

“ಪಟ್ಟಿ ಅವೇ ಅದಾವಲ್ರಿ ಕಾಕಾ, ದನಿ ಯಾಕ ಬ್ಯಾರೆ ಆತು?” ಅಂತ ನೀವು ಕೇಳಿದರೆ ಪೇಟಿಯ ಕಾಕಾ ಒಂದೇ ಮಾತು ಹೇಳಿಯಾರು: “ಸಾ ಎಲ್ಲಿ ಅದ ನೋಡವಾ ಮೊದಲ.”

ಅವರು ಹೇಳುವುದು ಸರಿ. ಕಿವಿ ಒಂದು ಸ್ವರವನ್ನು ಒಂಟಿಯಾಗಿ ಅಳೆಯುವುದಿಲ್ಲ. ಸಾ ಎಲ್ಲಿದೆ, ಅಲ್ಲಿಂದ ಈ ಸ್ವರ ಎಷ್ಟು ದೂರ ಅಂತ ಅಳೆಯುತ್ತದೆ. ಕರಿ ಪಟ್ಟಿಗಳ ಆಟವನ್ನು ಇನ್ನೂ ಮುಂದಕ್ಕೆ ಒಯ್ಯಬಹುದು. ಸಾ ಕರಿ 1ರಲ್ಲಿಟ್ಟರೆ ದುರ್ಗಾ, ಕರಿ 4ರಲ್ಲಿಟ್ಟರೆ ಮೇಘ, ಕರಿ 5ರಲ್ಲಿಟ್ಟರೆ ಮಾಲಕಂಸದ ಸ್ವರಗಳು ಬರುತ್ತವೆ. ಐದು ಪಟ್ಟಿ, ಐದು ರಾಗದ ಸಾಮಾನು. ಸಾಮಾನು ಅಂದದ್ದು ಬೇಕಂತಲೇ. ಯಾವ ಸ್ವರದ ಮೇಲೆ ನಿಲ್ಲಬೇಕು, ಯಾವುದನ್ನು ಸವರಿ ಹೋಗಬೇಕು ಅಂತ ಗೊತ್ತಾಗುವ ತನಕ ಅದು ರಾಗ ಆಗುವುದಿಲ್ಲ. ಹಾಗಾಗಿ ಪಟ್ಟಿ ಒತ್ತಿದ ಮರುಗಳಿಗೆಯೇ ‘ನನಗೆ ಮಾಲಕಂಸ ಬಂತು’ ಅಂತ ಓಣಿಯಲ್ಲಿ ಹೇಳಿಕೊಂಡು ಬರಬೇಡಿ.

ಇವತ್ತಿನ ಮಾತು ಐದರಲ್ಲಿ ಎರಡರದ್ದು, ಭೂಪದ ಸಾಲು ಮತ್ತು ಧಾನಿಯ ಸಾಲು. ಪುಣೆಯಲ್ಲಿ ಕಾಲೇಜು ಓದುವ ಅಣ್ಣನೋ ಅಕ್ಕನೋ ರಜೆಗೆ ಗಿಟಾರ್ ಹೊತ್ತು ಊರಿಗೆ ಬಂದರೆ, ಅವರ ಬಾಯಲ್ಲಿ ಇವಕ್ಕೆ ಬೇರೆ ಹೆಸರು ಕೇಳುತ್ತೀರಿ. ಭೂಪದ ಸಾಲು ಅವರಿಗೆ ಮೇಜರ್ ಪೆಂಟಾಟಾನಿಕ್, ಧಾನಿಯದು ಮೈನರ್ ಪೆಂಟಾಟಾನಿಕ್. ರಾಕ್ ಹಾಡಿನ ನಡುವೆ ಹಾಡುವವರು ಬಾಯಿ ಮುಚ್ಚಿ ಗಿಟಾರಿನವನೊಬ್ಬನೇ ಮುಂದೆ ಬಂದು ಬಾರಿಸುತ್ತಾನಲ್ಲ, ಅದಕ್ಕೆ ಸೋಲೋ ಅನ್ನುತ್ತಾರೆ. ಒಳ್ಳೆಯ ಸೋಲೋಗಳಲ್ಲಿ ಎಷ್ಟೋ ಸಲ ಈ ಎರಡೂ ಸಾಲು ಒಂದೇ ಸಾ ಮೇಲೆ ಬೆರೆತಿರುತ್ತವೆ. ಬೆರೆಸಿದಾಗ ಒಂದು ತೊಡಕು ಬರುತ್ತದೆ. ಭೂಪದ ಗ ಶುದ್ಧ, ಧಾನಿಯ ಗ ಕೋಮಲ. ಒಂದೇ ಸಾ ಮುಂದೆ ಎರಡು ಗ, ಅಂದರೆ ಎರಡು ಗಾಂಧಾರ. ಇಬ್ಬರೂ ಜಗಳ ಆಡಬೇಕು. ಆದರೂ ಕೇಳಲಿಕ್ಕೆ ಯಾಕೆ ಚೆಂದ?

ಇದಕ್ಕೆ ಲೆಕ್ಕ ಹಿಡಿದೇ ಹೋಗಬೇಕು. ಹೆದರಬೇಡಿ, ಮೂರರ ಮಗ್ಗಿ, ಎರಡರ ಮಗ್ಗಿ ಬಂದರೆ ಸಾಕು.

ದನಿ ಅಂದರೆ ಗಾಳಿಯ ನಡುಕ. ತಂತಿ ಸೆಕೆಂಡಿಗೆ ಎಷ್ಟು ಸಲ ಅತ್ತಿತ್ತ ಆಡುತ್ತದೋ ಅದೇ ಆ ಸ್ವರದ ಅಂಕಿ. ಹಿಂದೂಸ್ತಾನಿ ಸಂಗೀತದ ಪುಸ್ತಕಗಳಲ್ಲಿ ಲೆಕ್ಕಕ್ಕೆ ಅನುಕೂಲ ಅಂತ ಸಾ ಸ್ವರವನ್ನು 240 ಅಂತ ಇಟ್ಟುಕೊಳ್ಳುವ ರೂಢಿ ಇದೆ. ನಾವೂ ಹಾಗೇ ಇಟ್ಟುಕೊಳ್ಳೋಣ. 240ರ ಎರಡು ಪಟ್ಟು 480. ಅದೂ ಸಾ ಸ್ವರವೇ, ಆದರೆ ಮೇಲಿನ ಸಪ್ತಕದ್ದು. ಎರಡರಿಂದ ಗುಣಿಸಿದರೂ ಭಾಗಿಸಿದರೂ ಸ್ವರದ ಹೆಸರು ಬದಲಾಗುವುದಿಲ್ಲ, ಸಪ್ತಕ ಮಾತ್ರ ಬದಲಾಗುತ್ತದೆ.

ಎರಡಾದ ಮೇಲೆ ಮೂರು. ಮನೆಯಲ್ಲಿ ಏಕತಾರಿ ಇದ್ದರೆ ಅದರ ತಂತಿಯ ಉದ್ದ ಅಳೆದು ಮೂರು ಪಾಲು ಮಾಡಿ. ಒಂದು ಪಾಲು ಬಿಟ್ಟು ಅಲ್ಲಿ ಬೆರಳೊತ್ತಿ, ಉಳಿದ ಎರಡು ಪಾಲನ್ನು ಮೀಟಿ. ಬರುವುದು ಪ. ತಂತಿ ಮೂರರಲ್ಲಿ ಎರಡು ಭಾಗ ಆದರೆ ನಡುಕ ಎರಡಕ್ಕೆ ಮೂರರಂತೆ ಏರುತ್ತದೆ. 240ರ ಒಂದೂವರೆ ಪಟ್ಟು 360. ಸಾ ಆದ ಮೇಲೆ ಕಿವಿಗೆ ಅತಿ ಹತ್ತಿರದ ನೆಂಟ ಈ ಪ.

ಈಗ ಪ ಸ್ವರವನ್ನೇ ಹಿಡಿದು ಇನ್ನೊಮ್ಮೆ ಒಂದೂವರೆ ಪಟ್ಟು ಮಾಡಿ. 540. ಇದು ಮೇಲಿನ ಸಪ್ತಕಕ್ಕೆ ಹೋಯಿತು, ಅರ್ಧ ಮಾಡಿ ಕೆಳಗೆ ತನ್ನಿ. 270. ಇದು ರೇ. ಅದರ ಒಂದೂವರೆ ಪಟ್ಟು 405, ಇದು ಧ. ಅದರ ಒಂದೂವರೆ ಪಟ್ಟು 607.5, ಅರ್ಧ ಮಾಡಿದರೆ ಸುಮಾರು 304, ಇದು ಶುದ್ಧ ಗ. ಎಣಿಸಿ ನೋಡಿ: ಸಾ, ಪ, ರೇ, ಧ, ಗ. ಭೂಪದ ಐದು ಸ್ವರ ಸಾಲಾಗಿ ಬಂದು ನಿಂತವು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ! ಎಲ್ಲೆಲ್ಲೋ ಇರುವ ಜನ, ಚೀನಾದವರು, ಸ್ಕಾಟ್ಲೆಂಡಿನವರು, ಆಫ್ರಿಕಾದ ಎಷ್ಟೋ ಸಮುದಾಯಗಳವರು, ಒಬ್ಬರ ಮುಖ ಒಬ್ಬರು ನೋಡದೆ ಐದು ಸ್ವರದ ಹಾಡು ಕಟ್ಟಿಕೊಂಡಿದ್ದಕ್ಕೆ ಈ ಸುಲಭದ ನೆಂಟಸ್ತಿಕೆ ಒಂದು ಕಾರಣ ಅಂತ ಸಂಗೀತ ಬಲ್ಲ ವಿಜ್ಞಾನಿಗಳು ಹೇಳುತ್ತಾರೆ.

ಇನ್ನು ಹಿಂದಕ್ಕೆ ನಡೆಯಿರಿ. ಒಂದೂವರೆಯಿಂದ ಗುಣಿಸುವ ಬದಲು ಭಾಗಿಸಿ. 240 ಭಾಗಿಸು ಒಂದೂವರೆ, 160. ಎರಡರಿಂದ ಗುಣಿಸಿ ನಮ್ಮ ಸಪ್ತಕಕ್ಕೆ ತಂದರೆ 320. ಇದು ಮ. ಇನ್ನೊಂದು ಹೆಜ್ಜೆ ಹಿಂದೆ ಹೋದರೆ ಸುಮಾರು 427, ಕೋಮಲ ನಿ. ಮತ್ತೊಂದು ಹೆಜ್ಜೆಗೆ ಸುಮಾರು 284, ಕೋಮಲ ಗ. ಸಾ ಸ್ವರದಿಂದ ಹಿಂದೆ ಮೂರು ಹೆಜ್ಜೆ, ಮುಂದೆ ಪ ತನಕ ಒಂದೇ ಹೆಜ್ಜೆ. ಧಾನಿಯ ಐದೂ ಸಿಕ್ಕವು.

ಎರಡನ್ನೂ ಒಂದೇ ಗೆರೆಯಲ್ಲಿ ಬರೆಯಿರಿ, ಪಾಟಿಯ ಮೇಲಾದರೂ ಸರಿ: ಕೋಮಲ ಗ, ಕೋಮಲ ನಿ, ಮ, ಸಾ, ಪ, ರೇ, ಧ, ಶುದ್ಧ ಗ. ಎಂಟು ಸ್ವರದ ಒಂದೇ ಸರಪಳಿ. ಪ್ರತಿ ಕೊಂಡಿಯೂ ಪಕ್ಕದ ಕೊಂಡಿಗೆ ಒಂದೂವರೆ ಪಟ್ಟು. ಸಾ ಮತ್ತು ಪ ನಡುವೆ ನಿಂತಿವೆ, ಎರಡು ಸಾಲಿಗೂ ಸೇರಿದವು ಇವೆರಡೇ. ಎರಡು ಗಾಂಧಾರಗಳು ಮಾತ್ರ ಎರಡು ತುದಿಯಲ್ಲಿ, ಒಂದರ ಮುಖ ಒಂದು ಕಾಣದಷ್ಟು ದೂರ. ಆದರೆ ಪೇಟಿಯ ಮೇಲೆ ಅವೇ ಅಕ್ಕಪಕ್ಕದ ಪಟ್ಟಿ! ಬಿಳಿ ಪಟ್ಟಿಗಳನ್ನು ಕರಿ 1ರ ಎಡಬದಿಯಿಂದ ಎಣಿಸಿಕೊಳ್ಳಿ. ಸಾ ಕರಿ 3 ಆದರೆ ಕೋಮಲ ಗ ಬಿಳಿ 6, ಶುದ್ಧ ಗ ಅದಕ್ಕೆ ತಾಗಿಕೊಂಡ ಕರಿ 5. ಸರಪಳಿಯಲ್ಲಿ ಅತಿ ದೂರ, ಪೇಟಿಯಲ್ಲಿ ಅತಿ ಹತ್ತಿರ. ಗಿಟಾರಿನ ಸೋಲೋದ ರುಚಿಯ ಗುಟ್ಟು ಬಹುಪಾಲು ಇಲ್ಲೇ ಇದೆ ಅಂತ ನನ್ನ ಲೆಕ್ಕ.

ಆ ಬಿಳಿ 6, ಕರಿ 5 ಎರಡನ್ನೂ ಒಟ್ಟಿಗೆ ಒತ್ತಿ ಕೇಳಿ. ಆದಷ್ಟು ಕೆಳಗಿನ ಸಪ್ತಕದಲ್ಲಿ ಒತ್ತಿದರೆ ಚೆನ್ನಾಗಿ ಗೊತ್ತಾಗುತ್ತದೆ. ದನಿ ಒಂದೇ ಸಮ ಇರುವುದಿಲ್ಲ, ತರತರ ನಡುಗುತ್ತದೆ. ಸಾ 240 ಅಂತ ಹಿಡಿದರೆ ಪೇಟಿಯ ಕೋಮಲ ಗ ಸುಮಾರು 285, ಶುದ್ಧ ಗ ಸುಮಾರು 302. ಎರಡೂ ಅಲೆ ಒಮ್ಮೆ ಒಟ್ಟಿಗೆ ಏರಿ ದನಿ ಜೋರಾಗುತ್ತದೆ, ಒಮ್ಮೆ ಒಂದು ಏರುವಾಗ ಇನ್ನೊಂದು ಇಳಿದು ದನಿ ಕುಗ್ಗುತ್ತದೆ. ಸೆಕೆಂಡಿಗೆ ಎಷ್ಟು ಸಲ? 302ರಲ್ಲಿ 285 ಕಳೆಯಿರಿ, 17 ಸಲ. ಭೌತಶಾಸ್ತ್ರದಲ್ಲಿ ಇದಕ್ಕೆ ವಿಸ್ಪಂದನ ಅನ್ನುತ್ತಾರೆ. ಸೆಕೆಂಡಿಗೆ ಎರಡೋ ಮೂರೋ ಸಲ ಆದರೆ ಎಣಿಸಬಹುದು. ಹದಿನೇಳು ಆದರೆ ಎಣಿಸಲಾಗದು, ಕಿವಿಗೆ ಅದು ಒರಟು ಅನ್ನಿಸುತ್ತದೆ ಅಷ್ಟೇ.

ಹಾಗಿದ್ದರೆ ಸಾ ಜೊತೆ ಯಾವ ಗ ಚೆನ್ನಾಗಿ ಹೊಂದುತ್ತದೆ? ಇದನ್ನು ತಂಬೂರಿಯೇ ಹೇಳಿಬಿಡುತ್ತದೆ.

ನಮ್ಮ ಜಿಲ್ಲೆಗೂ ತಂಬೂರಿಗೂ ಹಳೆಯ ನಂಟು. ಮಿರಜದ ತಂಬೂರಿ, ಸಿತಾರಗಳ ಹೆಸರು ದೇಶಕ್ಕೆಲ್ಲ ಗೊತ್ತು. 2024ರಲ್ಲಿ ಅವಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆ ತಂಬೂರಿಯ ಹೊಟ್ಟೆಯಾಗುವ ದೊಡ್ಡ ಕುಂಬಳದ ಬುರುಡೆ ಬೆಳೆಯುವುದು ನಮ್ಮ ಜಿಲ್ಲೆಯ ಪಂಢರಪುರದ ಸುತ್ತಿನ ಹೊಲಗಳಲ್ಲಿ. ಇನ್ನೊಂದು ನಂಟು ಕುರನೂರ ಅಣೆಕಟ್ಟಿನ ನೀರಿನಲ್ಲೇ ಇದೆ. ಅದನ್ನು ತುಂಬುವ ಬೋರಿ ಹೊಳೆ ನಮ್ಮ ಕಡೆ ಬರುವ ಮೊದಲು ನಳದುರ್ಗದ ಕೋಟೆಯನ್ನು ಹಾಯ್ದು ಬರುತ್ತದೆ. ಕೋಟೆಯೊಳಗೆ ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟಿ, ಅದರ ಹೊಟ್ಟೆಯಲ್ಲೇ ಪಾಣಿ ಮಹಾಲ್ ಮಾಡಿದ್ದಾರಲ್ಲ, ಅದು ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದ್ದು. ಆ ಸುಲ್ತಾನನಿಗೆ ಸಂಗೀತದ ಹುಚ್ಚು ಎಷ್ಟಿತ್ತೆಂದರೆ ಹಾಡುಗಳ ಒಂದು ಪುಸ್ತಕವನ್ನೇ ಬರೆದ, ‘ಕಿತಾಬ್-ಎ-ನವರಸ್’ ಅಂತ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ.

ತಂಬೂರಿಯ ಖರ್ಜದ, ಅಂದರೆ ಕೆಳಗಿನ ಸಾ ತಂತಿ ಮೀಟಿದರೆ ಅದು ಇಡಿಯಾಗಿ ಆಡುತ್ತದೆ. ಅದೇ ಹೊತ್ತಿಗೆ ಎರಡು ಪಾಲಾಗಿ, ಮೂರು ಪಾಲಾಗಿ, ನಾಲ್ಕು, ಐದು ಪಾಲಾಗಿಯೂ ಆಡುತ್ತದೆ. ಒಂದು ತಂತಿಯಲ್ಲಿ ಒಂದೇ ಹೊತ್ತಿಗೆ ಇಷ್ಟೂ ನಡುಕ. ಖರ್ಜದ ಸಾ 120 ಆದರೆ ಎರಡರ ಪಾಲು 240, ಸಾ. ಮೂರರದು 360, ಪ. ನಾಲ್ಕರದು 480, ಮತ್ತೆ ಸಾ. ಐದರದು 600, ಅರ್ಧ ಮಾಡಿದರೆ 300. ಸರಪಳಿಯ 304, ಪೇಟಿಯ 302ಕ್ಕಿಂತ ತುಸು ಕೆಳಗಾದರೂ ಅದು ಶುದ್ಧ ಗಾಂಧಾರವೇ! ಯಾರೂ ಗ ನುಡಿಸಿಲ್ಲ, ಆದರೂ ಒಳ್ಳೆಯ ತಂಬೂರಿ ಚೆನ್ನಾಗಿ ಕೂಡಿಕೊಂಡಾಗ ಅದರೊಳಗಿಂದ ಗ ಕೇಳುತ್ತದೆ. ಹಾಡುವವರು ಅದಕ್ಕಾಗಿಯೇ ಕಾಯುತ್ತಾರೆ. ಸಿ. ವಿ. ರಾಮನ್ ಅವರಿಗೂ ಇದು ಕುತೂಹಲ ಹುಟ್ಟಿಸಿತ್ತು. ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ ಎರಡು, ನಾಲ್ಕು ಪಾಲಿನ ನಡುಕಗಳು ಹುಟ್ಟಬಾರದು ಅಂತ ಹಳೆಯ ನಿಯಮ ಹೇಳುತ್ತಿತ್ತು. ತಂಬೂರಿ, ವೀಣೆ ಆ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ ಅಂತ ರಾಮನ್ 1921ರಲ್ಲಿ ಬರೆದರು. ತಂತಿ ಕೂರುವ ಕುದುರೆಯ ಮೇಲ್ಮೈ ಬಾಗಿರುವುದು, ತಂಬೂರಿಯಲ್ಲಾದರೆ ಅಲ್ಲಿ ಸಿಕ್ಕಿಸುವ ನೂಲಿನ ಎಳೆ, ಇವುಗಳ ಕೈವಾಡ ಅದು. ನೊಬೆಲ್ ಬರುವುದಕ್ಕೆ ಒಂಬತ್ತು ವರ್ಷ ಮೊದಲಿನ ಮಾತು.

ಸಾ ಹೊಟ್ಟೆಯಲ್ಲೇ ಶುದ್ಧ ಗ ಇದೆ ಅಂತಾಯಿತು. ಕೋಮಲ ಗ ಹಾಗೆ ಒಳಗೆ ಕೂತಿಲ್ಲ, ಹೊರಗಿನಿಂದ ಬರಬೇಕು. ಬಂದಾಗ ಒಳಗಿರುವ ಶುದ್ಧ ಗಕ್ಕೆ ತುಸು ಉಜ್ಜುತ್ತದೆ. ಅದರ ದುಃಖ, ಖಾರ ಎಲ್ಲ ಆ ಉಜ್ಜಾಟದಿಂದಲೇ ಬರುತ್ತದೆ ಅಂತ ಹೇಳಲಾರೆ. ನಾವು ಚಿಕ್ಕಂದಿನಿಂದ ಕೇಳಿದ ಹಾಡುಗಳ ಪಾಲೂ ಇರುತ್ತದೆ. ಆದರೆ ಉಜ್ಜಾಟ ಇರುವುದು ನಿಜ, ಅಳೆಯಲಿಕ್ಕೂ ಬರುತ್ತದೆ.

ಈಗ ಅಮೆರಿಕಕ್ಕೆ ಹೋಗೋಣ. ಅಲ್ಲಿನ ದಕ್ಷಿಣದ ಹತ್ತಿ ಹೊಲಗಳಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಒಯ್ಯಲಾದವರ ಮಕ್ಕಳು, ಮೊಮ್ಮಕ್ಕಳು ದುಡಿಯುತ್ತ ಹಾಡಿದ ಹಾಡುಗಳಿಂದ ಬ್ಲೂಸ್ ಹುಟ್ಟಿತು. ಆ ಹಾಡುಗಾರರ ಗ ಶುದ್ಧವೂ ಅಲ್ಲ, ಕೋಮಲವೂ ಅಲ್ಲ. ಎರಡರ ನಡುವೆ ಎಲ್ಲೋ ನಿಂತು, ಒಮ್ಮೆ ಇತ್ತ ಒಮ್ಮೆ ಅತ್ತ ಜಾರುವ ಗ. ಕೈಯಲ್ಲಿದ್ದ ಗಿಟಾರಿನಲ್ಲೋ ಶುದ್ಧಕ್ಕೊಂದು ಮನೆ, ಕೋಮಲಕ್ಕೊಂದು ಮನೆ. ನಡುವೆ ಜಾಗವೇ ಇಲ್ಲ. ಅವರು ಬೆರಳಿನಿಂದ ಜಾಗ ಮಾಡಿಕೊಂಡರು. ತಂತಿಯನ್ನು ಒತ್ತಿ ಪಕ್ಕಕ್ಕೆ ಎಳೆದರೆ ಅದು ಬಿಗಿಯಾಗುತ್ತದೆ, ಬಿಗಿಯಾದರೆ ಸ್ವರ ಏರುತ್ತದೆ. ಸಿತಾರದವರು ಮೀಂಡ ಎಳೆಯುವುದೂ ಹೀಗೇ. ಎಲ್ಲಮ್ಮನ ಜೋಗತಿಯರ ಕೈಯಲ್ಲಿ ಚೌಡಿಕೆ ನೋಡಿದ್ದೀರಲ್ಲ, ಅದರ ತಂತಿಯ ಬಿಗಿ ಏರಿಸಿ ಇಳಿಸಿಯೇ ಅವರು ಸ್ವರ ಕುಣಿಸುವುದು.

ಎಷ್ಟು ಬಿಗಿದರೆ ಎಷ್ಟು ಏರುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಮಾರಿನ್ ಮರ್ಸೆನ್ ಅನ್ನುವ ಫ್ರಾನ್ಸಿನ ಪಾದ್ರಿ 1636ರ ತನ್ನ ಪುಸ್ತಕದಲ್ಲಿ ತಂತಿಗಳ ನಿಯಮ ಬರೆದಿಟ್ಟ. ಬಿಗಿ ನಾಲ್ಕು ಪಟ್ಟಾದರೆ ನಡುಕ ಎರಡು ಪಟ್ಟಾಗುತ್ತದೆ, ಒಂಬತ್ತು ಪಟ್ಟಾದರೆ ಮೂರು ಪಟ್ಟು. ಸ್ವರ ಒಂದು ಪಟ್ಟಿ ಏರಬೇಕಾದರೆ, ಅಂದರೆ ಕೋಮಲ ಗದಿಂದ ಶುದ್ಧ ಗಕ್ಕೆ, ನಡುಕ ನೂರಕ್ಕೆ ಆರರಷ್ಟು ಹೆಚ್ಚಬೇಕು. ಅದಕ್ಕೆ ಬಿಗಿ ನೂರಕ್ಕೆ ಹನ್ನೆರಡರಷ್ಟು ಹೆಚ್ಚಿಸಿದರೆ ಸಾಕು. ಎಳೆಯುವುದು ಅರ್ಧಕ್ಕೇ ನಿಲ್ಲಿಸಿದರೆ ಪೇಟಿಯ ಎರಡು ಪಟ್ಟಿಗಳ ನಡುವಿನ ಸಂದಿಯಲ್ಲಿ ಬಿದ್ದುಹೋದ ಆ ಗ ಸಿಗುತ್ತದೆ. ಪೇಟಿ ಎಷ್ಟು ತಿಣುಕಿದರೂ ಅದನ್ನು ಕೊಡಲಾರದು. ಈ ಕೊರತೆಯ ಸಿಟ್ಟಿಗೇ ಆಕಾಶವಾಣಿ 1940ರಿಂದ 1971ರ ತನಕ ಪೇಟಿಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಊರಿನ ಭಜನೆಗಳು ಅದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ ಅನ್ನುವುದು ಬೇರೆ ಮಾತು.

ಬ್ಲೂಸಿನ ದೊಡ್ಡ ಹೆಸರುಗಳಲ್ಲಿ ಬಿ. ಬಿ. ಕಿಂಗ್ ಒಬ್ಬರು. 1925ರಲ್ಲಿ ಮಿಸಿಸಿಪಿ ರಾಜ್ಯದಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಹತ್ತಿ ಬಿಡಿಸಿದವರು. 1949ರಲ್ಲಿ ಅವರು ಬಾರಿಸುತ್ತಿದ್ದ ಕಡೆ ಇಬ್ಬರು ಗಂಡಸರು ಹೊಡೆದಾಡಿ, ಬಿಸಿಗೆ ಇಟ್ಟಿದ್ದ ಸೀಮೆಎಣ್ಣೆಯ ಡಬ್ಬ ಉರುಳಿ, ಮನೆಗೆಲ್ಲ ಬೆಂಕಿ ಹತ್ತಿತು. ಹೊರಗೆ ಓಡಿ ಬಂದ ಕಿಂಗ್ ಗಿಟಾರ್ ಒಳಗೇ ಉಳಿಯಿತು ಅಂತ ನೆನಪಾಗಿ ಉರಿಯೊಳಗೆ ಮತ್ತೆ ನುಗ್ಗಿ ತಂದರು. ಆ ಜಗಳ ಲೂಸಿಲ್ ಅನ್ನುವ ಹೆಣ್ಣುಮಗಳ ಸಲುವಾಗಿ ನಡೆದದ್ದು ಅಂತ ಆಮೇಲೆ ಗೊತ್ತಾಯಿತು. ಅಂಥ ಮೂರ್ಖತನ ಇನ್ನೊಮ್ಮೆ ಮಾಡಬಾರದು ಅಂತ ನೆನಪಿರಲಿ ಎಂದು ಅವರು ತಮ್ಮ ಗಿಟಾರಿಗೆ ಲೂಸಿಲ್ ಅಂತಲೇ ಹೆಸರಿಟ್ಟರು. ಆದಿಲ್‌ಶಾಹನಿಗೆ ಮೋತಿಖಾನ್, ಇವರಿಗೆ ಲೂಸಿಲ್! ಕಿಂಗ್ ಅವರ ಬಾರಿಸುವಿಕೆಯಲ್ಲಿ ಭೂಪದ ರೇ, ಧ ಎರಡೂ ಸಲೀಸಾಗಿ ಧಾನಿಯ ಸಾಲಿನೊಳಗೆ ಬಂದು ಕೂರುತ್ತವೆ. ಗ ಮಾತ್ರ ಎಳೆತದಲ್ಲೇ ಇರುತ್ತದೆ. ಕಡಿಮೆ ಸ್ವರ, ಹೆಚ್ಚು ಮಾತು. ವೇಗವಾಗಿ ಬಾರಿಸುವ ಹತ್ತು ಜನರಿಗಿಂತ ನನಗೆ ಇವರೇ ಇಷ್ಟ.

ಗಿಟಾರಿನ ಅಣ್ಣ ಇದನ್ನು ಕೈಯಲ್ಲಿ ಹೇಗೆ ಮಾಡುತ್ತಾನೆ ನೋಡಿ. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡ ಸರಿಗೆಗಳಿವೆ. ಎರಡು ಸರಿಗೆಗಳ ನಡುವಿನ ಜಾಗ ಒಂದು ಮನೆ, ಪೇಟಿಯ ಒಂದು ಪಟ್ಟಿಗೆ ಸಮ. ಸಾ ಐದನೇ ಮನೆಯಲ್ಲಿದ್ದರೆ ಅಲ್ಲಿಂದ ಧಾನಿಯ ಸಾಲಿಗೆ ಬೆರಳುಗಳ ಒಂದು ಜೋಡಣೆ ಇದೆ. ಅದೇ ಜೋಡಣೆಯನ್ನು ಹಾಗೇ ಹಿಡಿದು ಮೂರು ಮನೆ ಹಿಂದಕ್ಕೆ, ಎರಡನೇ ಮನೆಗೆ ಜಾರಿಸಿದರೆ ಭೂಪದ ಸಾಲು ಬೆರಳ ಕೆಳಗೆ ಬರುತ್ತದೆ, ಸಾ ಇದ್ದಲ್ಲೇ ಇರುತ್ತದೆ. ಮೂರೇ ಯಾಕೆ? ಪೇಟಿಯಲ್ಲಿ ಕರಿ 2ರಿಂದ ಕರಿ 3ಕ್ಕೆ ಬಿಳಿ ಸೇರಿಸಿ ಎಣಿಸಿ, ಮೂರು ಹೆಜ್ಜೆ. ಅದೇ ಇದು.

ಆದರೆ ಎಂಟೂ ಸ್ವರ ಸಿಕ್ಕವು ಅಂತ ಸಿಕ್ಕ ಸಿಕ್ಕಲ್ಲಿ ಬಾರಿಸಿದರೆ ಕೇಳುವವರು ಎದ್ದು ಹೋಗುತ್ತಾರೆ. ಕೋಮಲ ಗ ಶೇಂಗಾ ಚಟ್ನಿಯ ಹಾಗೆ, ರೊಟ್ಟಿಯ ಯಾವ ತುತ್ತಿಗೆ ಎಷ್ಟು ಅನ್ನುವ ಅಂದಾಜು ಬೇಕು. ಆ ಅಂದಾಜಿಗೂ ಒಂದು ಆಧಾರ ಇದೆ. ಬ್ಲೂಸ್, ರಾಕ್ ಹಾಡುಗಳಲ್ಲಿ ಹಿಂದೆ ಒಂದೇ ಸಾ ಹಿಡಿದು ಕೂರುವ ತಂಬೂರಿ ಇರುವುದಿಲ್ಲ. ಕಾರ್ಡ್‌ಗಳು ಇರುತ್ತವೆ, ಮೂರು ನಾಲ್ಕು ಸ್ವರ ಒಟ್ಟಿಗೆ ನುಡಿಸುವ ಗೊಂಚಲು. ಸಾ ಗೊಂಚಲು ಸ್ವಲ್ಪ ಹೊತ್ತು, ಆಮೇಲೆ ಮ ಗೊಂಚಲು, ಮತ್ತೆ ಸಾ, ಒಮ್ಮೆ ಪ, ಹೀಗೆ ಹನ್ನೆರಡು ಅಳತೆಯ ಒಂದು ಸುತ್ತು. ಸಾ ಗೊಂಚಲಿನಲ್ಲಿರುವುದು ಸಾ, ಶುದ್ಧ ಗ, ಪ. ಅದು ನಡೆಯುವಾಗ ಭೂಪದ ಸಾಲು ಬಾರಿಸಿದರೆ ಮನೆಗೆ ಬಂದ ಹಾಗೆ ಕೂಡಿಕೊಳ್ಳುತ್ತದೆ. ಮ ಗೊಂಚಲಿನಲ್ಲಿ ಮ, ಧ, ಸಾ, ಜೊತೆಗೆ ಬ್ಲೂಸಿನವರು ಸೇರಿಸುವ ನಾಲ್ಕನೆಯದು. ಯಾವುದು ಗೊತ್ತೇ? ಕೋಮಲ ಗ. ಮ ಸ್ವರವನ್ನೇ ಸಾ ಅಂದುಕೊಂಡರೆ ಅದು ಕೋಮಲ ನಿ ಆಗುತ್ತದೆ. ಹಾಗಾಗಿ ಹಿಂದೆ ಮ ಗೊಂಚಲು ಬಂದ ಕ್ಷಣ ಸೋಲೋದವನು ಧಾನಿಗೆ ಹಾರಿದರೆ, ಅಲ್ಲಿ ತನಕ ಪರದೇಶಿಯಾಗಿದ್ದ ಕೋಮಲ ಗ ಊರಿನದೇ ಆಗುತ್ತದೆ. ಅಲ್ಲಿ ಶುದ್ಧ ಗದ ಮೇಲೆ ನಿಂತರೇ ಕಿವಿಗೆ ಕಿರಿಕಿರಿ. ಕರಿ ಪಟ್ಟಿಯ ಆಟದಲ್ಲಿ ಸಾ ಬದಲಾಯಿಸಿದೆವಲ್ಲ, ಕಾರ್ಡ್‌ಗಳು ಅದನ್ನೇ ನಿಮಿಷಕ್ಕೆ ಹತ್ತಾರು ಸಲ, ಕಿವಿಗೆ ಗೊತ್ತಾಗದ ಹಾಗೆ ಅರೆಬರೆ ಮಾಡುತ್ತಿರುತ್ತವೆ.

ಹೀಗೆ ಬೆರೆಸಿದ ಒಂದು ಗಿಟಾರು ಈಗ ಸೂರ್ಯನ ಗಾಳಿಯೂ ಮುಟ್ಟದಷ್ಟು ದೂರದಲ್ಲಿದೆ. 1977ರಲ್ಲಿ ಅಮೆರಿಕದವರು ವಾಯೇಜರ್ ಅನ್ನುವ ಎರಡು ನೌಕೆಗಳನ್ನು ಬಿಟ್ಟರು. ಎರಡರಲ್ಲೂ ಚಿನ್ನದ ಲೇಪದ ತಾಮ್ರದ ತಟ್ಟೆ ಇದೆ, ಹಳೆಯ ಗ್ರಾಮಫೋನ್ ತಟ್ಟೆಯಂಥದ್ದು. ಯಾರಾದರೂ ಸಿಕ್ಕಿ ಕೇಳಿಯಾರು ಅಂತ ಅದರಲ್ಲಿ 55 ಭಾಷೆಗಳ ಶುಭಾಶಯ ಇಟ್ಟರು. ಕನ್ನಡವೂ ಇದೆ! ಹಾಡುಗಳೂ ಇವೆ. ಅವುಗಳಲ್ಲೊಂದು ಚಕ್ ಬೆರ್ರಿ 1958ರಲ್ಲಿ ಹಾಡಿ ಬಾರಿಸಿದ ‘ಜಾನಿ ಬಿ. ಗುಡ್’. ರಾಕ್ ಗಿಟಾರು ಕಲಿಯುವವರು ಇವತ್ತಿಗೂ ಅದರಿಂದ ಪಾಠ ತೆಗೆದುಕೊಳ್ಳುತ್ತಾರೆ, ಮೇಜರ್ ಮತ್ತು ಮೈನರ್ ಸಾಲು ಅದರಲ್ಲಿ ಹೆಣೆದುಕೊಂಡಿವೆ. ಆ ಹಾಡಿನ ಸಾ ನಮ್ಮ ಪೇಟಿಯ ಕರಿ 5. ಕೋಮಲ ಗ ಕರಿ 1ರಲ್ಲಿ, ಶುದ್ಧ ಗ ಬಿಳಿ 2ರಲ್ಲಿ ಸಿಗುತ್ತದೆ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರಕರರ ಭೈರವಿಯೂ ಇದೆ. ಅವರ ಗುರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರ ಹತ್ತಿರವೇ ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರು ಕಲಿತದ್ದು. ವಾಯೇಜರ್ 1 ಸೂರ್ಯನ ಗಾಳಿಯ ಗುಳ್ಳೆಯನ್ನು 2012ರಲ್ಲಿ ದಾಟಿತು. ಮನುಷ್ಯ ಮಾಡಿದ ಯಾವ ವಸ್ತುವೂ ಅದಕ್ಕಿಂತ ದೂರ ಹೋಗಿಲ್ಲ.

ಎರಡು ಗಾಂಧಾರ ಕೂಡಿಸುವುದು ಅಮೆರಿಕದವರಿಗೆ ಮಾತ್ರ ಹೊಳೆದ ಉಪಾಯ ಅಂತ ತಿಳಿಯಬೇಡಿ. ಜೋಗ್ ಅನ್ನುವ ರಾಗ ಕೇಳಿ. ಅದು ಧಾನಿಯ ಐದೂ ಸ್ವರ ಇಟ್ಟುಕೊಂಡು ಭೂಪದಿಂದ ಒಂದೇ ಒಂದನ್ನು, ಶುದ್ಧ ಗವನ್ನು, ಕರೆದುಕೊಂಡಿದೆ. ಏರುವಾಗ ಸಾ, ಶುದ್ಧ ಗ, ಮ, ಪ, ಕೋಮಲ ನಿ, ಸಾ. ಇಳಿಯುವಾಗ ಕೋಮಲ ನಿ, ಪ, ಮ, ಶುದ್ಧ ಗ, ಮತ್ತೆ ಮ, ಆಮೇಲೆ ಕೋಮಲ ಗ, ಸಾ. ನೋಡಿ, ಇಳಿಯುವಾಗ ಎರಡು ಗಾಂಧಾರಗಳ ನಡುವೆ ಒಂದು ಮ ಹಾಕಿದ್ದಾರೆ, ಒಂದಕ್ಕೊಂದು ನೇರ ಎದುರಾಗದ ಹಾಗೆ. ಗಿಟಾರಿನವನಿಗೆ ದಾರಿ ತೋರಿಸುವುದು ಹಿಂದಿನ ಕಾರ್ಡ್. ಜೋಗಿನಲ್ಲಿ ಕಾರ್ಡ್ ಇಲ್ಲ, ತಂಬೂರಿ ಒಂದೇ ಸಾ ಹಿಡಿದಿರುತ್ತದೆ. ಹಾಗಾಗಿ ಯಾವ ಗ ಯಾವಾಗ ಅನ್ನುವುದನ್ನು ನಡಿಗೆಯಲ್ಲೇ ಗೊತ್ತು ಮಾಡಿಟ್ಟಿದ್ದಾರೆ. ನನಗೆ ಕೇಳಿದರೆ ಜೋಗಿನ ಉಪಾಯವೇ ಹೆಚ್ಚು ಕಷ್ಟದ್ದು. ತಪ್ಪಿದರೆ ಮುಚ್ಚಿಕೊಳ್ಳಲಿಕ್ಕೆ ಹಿಂದೆ ಡ್ರಮ್ಮೂ ಇಲ್ಲ, ಕಾರ್ಡೂ ಇಲ್ಲ.

ಪೇಟಿಯಲ್ಲಿ ಜೋಗಿನ ನಡಿಗೆ ಹೀಗೆ. ಸಾ ಕರಿ 3. ಏರುವಾಗ ಕರಿ 3, ಕರಿ 5, ಬಿಳಿ 7, ಮೇಲಿನ ಕರಿ 1, ಬಿಳಿ 3, ಕರಿ 3. ಇಳಿಯುವಾಗ ಬಿಳಿ 3, ಕರಿ 1, ಬಿಳಿ 7, ಕರಿ 5, ಬಿಳಿ 7, ಬಿಳಿ 6, ಕರಿ 3. ಆ ಬಿಳಿ 6ರ ಮೇಲೆ ಸ್ವಲ್ಪ ತಡೆದು ಸಾ ಸ್ವರಕ್ಕೆ ಇಳಿಯಿರಿ.

ಗಿಟಾರ್ ಸಿಕ್ಕರೆ ಅಳತೆಪಟ್ಟಿ ಹಿಡಿದು ಕೂರಿ. ಸಾಧಾರಣ ಗಿಟಾರಿನ ತಂತಿ ಎರಡು ಆಧಾರಗಳ ನಡುವೆ ಸುಮಾರು 65 ಸೆಂಟಿಮೀಟರ್ ಇರುತ್ತದೆ. ಬಿಡಿ ತಂತಿಯೇ ಸಾ ಆದರೆ, ಕೋಮಲ ಗ ಮೂರನೇ ಸರಿಗೆಯಲ್ಲಿ, ಕುತ್ತಿಗೆಯ ತುದಿಯಿಂದ ಸುಮಾರು 10.3 ಸೆಂಟಿಮೀಟರಿಗೆ. ಶುದ್ಧ ಗ ನಾಲ್ಕನೇ ಸರಿಗೆಯಲ್ಲಿ, ಸುಮಾರು 13.4ಕ್ಕೆ. ಪ ಏಳನೇ ಸರಿಗೆಯಲ್ಲಿ 21.6ರ ಹತ್ತಿರ. ಏಕತಾರಿಯಲ್ಲಿ ಮೂರು ಪಾಲು ಮಾಡಿದ ಲೆಕ್ಕಕ್ಕೆ ಇದು ಕೂದಲೆಳೆಯಷ್ಟೇ ಹೆಚ್ಚುಕಡಿಮೆ ಯಾಕೆ ಅಂತ ನೀವೇ 65ನ್ನು ಮೂರರಿಂದ ಭಾಗಿಸಿ ನೋಡಿ. ಸಾಲದ್ದಕ್ಕೆ ತೆಳು ತಂತಿಯನ್ನು ಮೂರನೇ ಮನೆಯಲ್ಲಿ ಒತ್ತಿ, ಎಳೆಯದೆ ಒಮ್ಮೆ ಮೀಟಿ. ಆಮೇಲೆ ಎಳೆದು ಮೀಟಿ, ನಾಲ್ಕನೇ ಮನೆಯ ಸ್ವರಕ್ಕೆ ಮುಟ್ಟಿತೇ ಅಂತ ಕಿವಿಯಿಂದಲೇ ನೋಡಿ. ಬೆರಳು ನೋಯುತ್ತದೆ, ಮೊದಲ ವಾರ ಎಲ್ಲರಿಗೂ ನೋಯುತ್ತದೆ. ಮತ್ತೆ, ತಂತಿ ಹಳೆಯದಾಗಿದ್ದರೆ ಮುಖ ಹತ್ತಿರ ಒಯ್ಯಬೇಡಿ, ಹರಿದರೆ ಕಣ್ಣಿಗೆ ಹಾರುತ್ತದೆ.